ನನ್ನಪ್ಪನ ತಂಬೂರಿಯ ಬುರುಡೆ

ದಾಸರ ಪಿಕ್ಚರ್ ಟೆಂಟಿಗೆ ಬಂದ ವರ್ಷ ನನ್ನ ಹೆಸರು ಕೆಟ್ಟಿತು. ಕೆಡಿಸಿದವನು ನನ್ನ ಭಾವ, ಅಂದರೆ ಗಂಡನ ಅಣ್ಣ. ಅವನು ಸತ್ತು ಎಷ್ಟೋ ಕಾಲವಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಅವನು ಬದುಕಿದ್ದಾಗಲೇ ಎದುರಿಗೆ ನಿಂತು ಆಡಿದ್ದೇನೆ, ಈಗ ಆಡುವುದರಲ್ಲಿ ಹೊಸದೇನೂ ಇಲ್ಲ.

ಆಗ ನಾವು ಉತ್ತರಹಳ್ಳಿಯಲ್ಲಿದ್ದೆವು. ಜಯನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದವು. ನಾನು ಬೆಳಿಗ್ಗೆ ಸೊಪ್ಪಿನ ಬುಟ್ಟಿ ಹೊತ್ತು ಅಲ್ಲಿವರೆಗೆ ನಡೆದು, ಮಾರಿ, ಮಧ್ಯಾಹ್ನದ ಹೊತ್ತಿಗೆ ಮನೆಗೆ ಬರುತ್ತಿದ್ದೆ. ಮನೆಯಲ್ಲಿ ಭಾವ, ನನ್ನ ಗಂಡ, ನಾನು. ಭಾವನ ಹೆಂಡತಿ ತೀರಿಕೊಂಡಿದ್ದಳು. ಮನೆಯ ಹೆಂಗಸು ಅಂದರೆ ನಾನೊಬ್ಬಳೇ. ಭಾವ ಊರ ಭಜನೆ ಮನೆಗೆ ಯಜಮಾನ, ನನ್ನ ಗಂಡ ಅಲ್ಲಿ ತಂಬೂರಿ ಮೀಟುವವನು.

ತಂಬೂರಿ ಮಾತ್ರ ನನ್ನದು. ಅಪ್ಪ ಊರೂರು ತಿರುಗಿ ದಾಸರ ಪದ ಹಾಡುತ್ತಿದ್ದವನು. ಗಂಡು ಮಕ್ಕಳಿರಲಿಲ್ಲ. ನನ್ನನ್ನು ಕೊಟ್ಟಾಗ ಪಾತ್ರೆ ಪಡಗದ ಜೊತೆ ತಂಬೂರಿಯನ್ನೂ ಕೊಟ್ಟ. ಸಣ್ಣ ತಂಬೂರಿ, ಕೂಸಿನ ತಲೆಯಷ್ಟು ಸೋರೆಬುರುಡೆ. ಬುರುಡೆಯ ಬೆನ್ನ ಮೇಲೆ ಅಪ್ಪ ಕಾದ ಕಬ್ಬಿಣದಲ್ಲಿ ಸುಟ್ಟು ಬರೆದ ಶಂಖದ ಗುರುತು. ನಡುಮನೆಯ ಗೂಟಕ್ಕೆ ಅದನ್ನು ನೇತು ಹಾಕುತ್ತಿದ್ದೆವು.

ಬೇಸಿಗೆಯಲ್ಲಿ ಬನಶಂಕರಿ ಕಡೆಯ ಬಯಲಿನ ಟೆಂಟಿಗೆ ಆ ಪಿಕ್ಚರ್ ಬಂತು. ಜನ ಚಪ್ಪಲಿ ಹೊರಗೆ ಬಿಟ್ಟು ಹೋಗುತ್ತಿದ್ದರು, ಅದು ದೇವಸ್ಥಾನವೇ ಅನ್ನುವ ಹಾಗೆ. ದಾಸರಿಗೆ ದೇವರು ಪ್ರತ್ಯಕ್ಷವಾಗುವ ಜಾಗ ಬಂದಾಗ ಮಿಷನ್ ನಿಲ್ಲಿಸಿ ಪರದೆಗೆ ಮಂಗಳಾರತಿ ಮಾಡಿ, ತೆಂಗಿನಕಾಯಿ ಒಡೆದು ಮತ್ತೆ ಶುರು ಮಾಡುತ್ತಿದ್ದರು.

ನಾನೂ ಒಂದು ಸಲ ನೋಡಿದೆ. ದಾಸರ ಹೆಂಡತಿಗೆ ದೊಡ್ಡ ಮೂಗುತಿ, ಮೊಳದುದ್ದ ನಾಲಿಗೆ. ಬಾಯಿ ತೆಗೆದರೆ ಬೈಗುಳ. ಒಂದು ದಿನ ಗಂಡನ ತಂಬೂರಿ ಕಿತ್ತುಕೊಂಡು ಹೊಳೆಗೆ ಎಸೆಯುತ್ತಾಳೆ. ದಾಸರು ದಡದಲ್ಲಿ ಕೂತು ಹಾಡುತ್ತಾರೆ. ತಂಬೂರಿ ನೀರಿಗೆ ಎದುರಾಗಿ ತೇಲಿಕೊಂಡು ಬಂದು ಅವರ ಕಾಲ ಹತ್ತಿರ ನಿಲ್ಲುತ್ತದೆ, ಒಂದು ಹನಿ ನೆನೆದಿಲ್ಲ.

ನನ್ನಪ್ಪ ಹೇಳುತ್ತಿದ್ದ ದಾಸರ ಕಥೆಯಲ್ಲಿ ಇದು ಯಾವುದೂ ಇರಲಿಲ್ಲ. ಅವನ ಕಥೆಯಲ್ಲಿ ಆಯಮ್ಮ ರಾಗಿ ಬೀಸುತ್ತಿದ್ದಳು, ಬೀಸುವ ಕಲ್ಲಿನ ಸದ್ದನ್ನೇ ಶ್ರುತಿ ಮಾಡಿಕೊಂಡು ದಾಸರು ಹಾಡು ಕಟ್ಟುತ್ತಿದ್ದರು. ರಾಗಿ ಬೀಸುವವಳನ್ನು ತೋರಿಸಿದರೆ ಟಿಕೆಟ್ ಯಾರು ತಗೋತಾರೆ. ಎಸೆಯುವವಳು ಬೇಕಾಗಿತ್ತು, ಮಾಡಿಕೊಂಡರು.

ಭಾವ ದಿನಾ ಹೋದ. ಮನೆಯಲ್ಲೂ ಪಿಕ್ಚರಿನ ದಾಸರ ಹಾಗೆ ಎಳೆದು ಎಳೆದು ಮಾತಾಡತೊಡಗಿದ. ಸಾರಿಗೆ ಉಪ್ಪು ಕಮ್ಮಿಯಾದರೂ "ಎಲ್ಲ ಅವನಿಚ್ಛೆ" ಅನ್ನುವನು. ನನ್ನ ಗಂಡನೂ ಅವನ ಹಿಂದೆ. ಸೊಪ್ಪಿನ ಪಾತಿಗೆ ನೀರಿಲ್ಲ. ಒಂದು ಬೆಳಿಗ್ಗೆ ನನಗೆ ರೇಗಿತು.

"ಇನ್ನೊಂದ್ ಸಲ ಆ ಟೆಂಟಿಗೆ ಹೋಗಿ ನೋಡಿ, ಈ ತಂಬೂರಿನ ಒಲೆಗೆ ಹಾಕ್ತೀನಿ" ಅಂದೆ. ಬಾವಿಕಟ್ಟೆಯಲ್ಲಿದ್ದ ಹೆಂಗಸರಿಗೆಲ್ಲ ಕೇಳಿಸಿತು. ಬುಟ್ಟಿ ಹೊತ್ತು ಜಯನಗರಕ್ಕೆ ಹೋದೆ.

ವಾಪಸು ಬಂದರೆ ಗೂಟ ಖಾಲಿ. ಜಗಲಿಯ ಮೇಲೆ ಭಾವ ನಾಲ್ಕು ಜನರನ್ನು ಕೂರಿಸಿಕೊಂಡಿದ್ದ.

"ಎಲ್ಲಿ ಎಸೆದೆಯಮ್ಮ?"

"ಏನನ್ನ?"

"ದಾಸರಿಗೆ ಬಂದ ಕಷ್ಟ ನನ್ನ ತಮ್ಮನಿಗೂ ಬಂತು. ಎಲ್ಲ ಅವನಿಚ್ಛೆ."

ಗಂಡನ ಮುಖ ನೋಡಿದೆ. ಅವನು ನೆಲ ನೋಡಿದ.

ಒಲೆಗೆ ಹಾಕ್ತೀನಿ ಅಂದದ್ದು ನಿಜ, ಊರೇ ಕೇಳಿತ್ತು. ಉಳಿದದ್ದನ್ನು ಪಿಕ್ಚರ್ ತುಂಬಿಸಿಕೊಟ್ಟಿತ್ತು. ನನ್ನನ್ನು 'ಪಿಕ್ಚರ್ ಹೆಂಡ್ತಿ' ಅಂತ ಕರೆಯತೊಡಗಿದರು. ಬಾವಿಗೆ ಹೋದರೆ, "ಅಕ್ಕ, ನಮ್ ಬಿಂದಿಗೆ ಎಸೀಬೇಡಿ, ಅದು ತೇಲಲ್ಲ" ಅನ್ನುವರು. ಅಪ್ಪನ ತಂಬೂರಿ ಹೋಯಿತು, ಅದನ್ನು ಕಳೆದವಳು ನಾನೇ ಅನ್ನುವ ಮಾತು ಉಳಿಯಿತು.

ಹದಿನೈದು ದಿನದ ಮೇಲೆ ಊರ ಮಡಿವಾಳಗಿತ್ತಿ ಬಟ್ಟೆ ಗಂಟು ತಂದಳು. ಗಂಟಿನೊಳಗಿಂದ ಸೋರೆಬುರುಡೆ ತೆಗೆದು ನನ್ನ ಮುಂದಿಟ್ಟಳು. ಮೇಲಿನ ಹಲಗೆ ಬಿಟ್ಟುಹೋಗಿ ಬೋಗುಣಿಯ ಹಾಗೆ ಬಾಯಿ ತೆರೆದಿತ್ತು, ಶಂಖದ ಗುರುತು ಇತ್ತು.

"ಜೊಂಡಿನಲ್ಲಿ ಸಿಕ್ಕಾಕ್ಕೊಂಡಿತ್ತು" ಅಂದಳು. "ಅವತ್ತು ನಾನು ಕೆರೇಲಿ ಬಟ್ಟೆ ಒಗೀತಿದ್ದೆ. ನಿನ್ ಭಾವ, ನಿನ್ ಗಂಡ ಇಬ್ರೂ ಬಂದ್ರು. ಪೂಜೆ ಮಾಡಿ, ತಂಬೂರಿನ ನೀರಿಗೆ ಬಿಟ್ಟು, ದಡದಲ್ಲಿ ಕೂತು ಹಾಡಿದ್ರು."

"ತೇಲ್ತಾ?"

"ತೇಲ್ತು, ಸೋರೆಬುರುಡೆ ಅಲ್ವಾ. ಆದ್ರೆ ವಾಪಸ್ ಬರಲಿಲ್ಲ, ಗಾಳಿಗೆ ಒಳಗೊಳಗೇ ಹೋಯ್ತು. ಇಬ್ರಿಗೂ ಈಜು ಬರಲ್ಲ. ಆಮೇಲೆ ಅಂಟು ಬಿಟ್ಕೊಂಡು ದಂಡ ಒಂದ್ ಕಡೆ, ಬುರುಡೆ ಒಂದ್ ಕಡೆ. ಅವ್ರು ಹಾಡ್ತಾನೇ ಇದ್ರು."

"ಯಾರಿಗಾದ್ರೂ ಹೇಳಿದ್ಯಾ?"

"ನನ್ ಮಾತು ಯಾರ್ ನಂಬ್ತಾರೆ. ನೀ ಯಾವಾಗ ಹೇಳು ಅಂತೀಯೋ ಆವಾಗ ಹೇಳ್ತೀನಿ."

ನಾನು ಅವತ್ತೇ ಕೂಗಾಡಬಹುದಿತ್ತು. ಕೂಗಾಡಿದ್ದರೆ ಪಿಕ್ಚರ್ ಹೆಂಡತಿಯೇ ಆಗುತ್ತಿದ್ದೆ. ಬುರುಡೆ ಒಣಗಿಸಿ ರಾಗಿ ಗುಡಾಣದೊಳಗೆ ಹುಗಿದೆ. ಬೇಸಿಗೆಯಿಂದ ಧನುರ್ಮಾಸದವರೆಗೆ ಬಾಯಿ ಬಿಡಲಿಲ್ಲ. ಇಬ್ಬರಿಗೂ ಹೊತ್ತು ಹೊತ್ತಿಗೆ ಬಡಿಸಿದೆ. ಬಡಿಸುವಾಗೆಲ್ಲ ದಿನ ಎಣಿಸಿದೆ.

ಧನುರ್ಮಾಸದಲ್ಲಿ ಭಜನೆಯವರು ಬೆಳಗಿನ ಜಾವ ಮನೆಮನೆಗೆ ಬರುತ್ತಿದ್ದರು. ಕೊನೆಯ ದಿನ ಮಾತ್ರ ಬಿಸಿಲೇರಿದ ಮೇಲೆ ಮೆರವಣಿಗೆ. ಅವತ್ತು ಕಡೆಯ ಮನೆ ಯಜಮಾನನದು, ಅಂದರೆ ನಮ್ಮದು. ಅವತ್ತು ತಂಬೂರಿ ಹಿಡಿಯುವವನು ಯಜಮಾನನೇ, ಅವನ ಕಾಲು ನೆಲ ಮುಟ್ಟಬಾರದು. ಮಡಿವಾಳರು ಅವನ ಮುಂದೆ ಒಗೆದ ಸೀರೆ ಹಾಸುತ್ತಾ ಹೋಗಬೇಕು. ನಡೆಮಡಿ ಅನ್ನುತ್ತಿದ್ದೆವು. ಬಾಗಿಲಲ್ಲಿ ಮನೆಯ ಹೆಂಗಸು ಅವನ ಕಾಲು ತೊಳೆದ ಮೇಲೇ ಹೊಸಿಲು ದಾಟಬೇಕು, ಮಂಗಳ ಹಾಡಬೇಕು.

ಶ್ರೀನಗರ ಬಡಾವಣೆಯ ಭಜನೆಯವರ ಹತ್ತಿರ ಎರವಲು ತಂದ ತಂಬೂರಿಗೆ ಹಾರ ಹಾಕಿ, ಹಣೆ ತುಂಬ ನಾಮ ಬಳಿದುಕೊಂಡು ಭಾವ ಬಂದ. ಮಡಿವಾಳಗಿತ್ತಿ ಹಿಂದಿನ ಸೀರೆ ಎತ್ತಿ ಮುಂದೆ ಹಾಸುತ್ತಿದ್ದಳು. ಗಂಡ ಪಕ್ಕದಲ್ಲಿ ತಾಳ ಹಿಡಿದಿದ್ದ. ನಾನು ಹಂಡೆಗೆ ಬುರುಡೆ ಅದ್ದಿ ನೀರು ತುಂಬಿಕೊಂಡೆ.

"ಕಾಲು ಮುಂದಿಡಿ, ಭಾವ."

ಅವನು ಬುರುಡೆ ನೋಡಿದ. ಕಾಲು ಮುಂದೆ ಬರಲಿಲ್ಲ.

ಎದುರು ಮನೆ ಅಜ್ಜಿ ಹತ್ತಿರ ಬಂದು ಬಗ್ಗಿದಳು. "ಇದು ನಿಮ್ಮಪ್ಪನ ತಂಬೂರಿದಲ್ವೇನೇ? ಶಂಖ ಇದೆ."

"ಹೌದಜ್ಜಿ. ಕೆರೇಲಿ ಸಿಕ್ತು. ಎಸೆದೋಳು ನಾನು ಅಂತಾರೆ ಭಾವ. ಈಗ ಅವ್ರ ಕೈಯಲ್ಲಿ ತಂಬೂರಿ ಇದೆ. ಅದನ್ನ ಹಿಡ್ಕೊಂಡೇ ಇನ್ನೊಂದ್ ಸಲ ಹೇಳ್ಲಿ. ನಾನು ಎಲ್ಲರ ಕಾಲಿಗೆ ಬಿದ್ದು ಒಪ್ಕೋತೀನಿ."

ತಾಳ ನಿಂತಿತು. ಮಡಿವಾಳಗಿತ್ತಿ ಭಾವನ ಕಾಲ ಕೆಳಗಿನ ಸೀರೆಯ ಅಂಚು ಹಿಡಿದಳು.

"ಕಾಲೆತ್ತಿ ಯಜಮಾನ್ರೇ. ತಂಬೂರಿ ತೇಲಿಸೋರಿಗೆ ನಡೆಮಡಿ ಯಾಕೆ? ನೀರ ಮೇಲೇ ನಡೀಬೋದು." ಸೀರೆ ಎಳೆದು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

ಭಾವ ಮಣ್ಣಿನ ಮೇಲೆ ನಿಂತ. ತಮ್ಮನ ಕಡೆ ನೋಡಿದ. ಅವನು ಅವತ್ತೂ ನೆಲ ನೋಡಿದ. ಆಗ ಭಾವ ಸಣ್ಣ ದನಿಯಲ್ಲಿ, "ಪಿಕ್ಚರ್‌ನಲ್ಲಿ ತೇಲ್ಕೊಂಡು ಬಂತಲ್ಲಮ್ಮ" ಅಂದ.

ಮೊದಲು ನಕ್ಕವಳು ಅಜ್ಜಿ. ಆಮೇಲೆ ಬೀದಿಯೇ ನಕ್ಕಿತು. ನಾನು ನಗಲಿಲ್ಲ. ಪುಷ್ಯದ ಚಳಿಯ ನೀರನ್ನು ಅವನ ಕಾಲ ಮೇಲೆ ನಿಧಾನವಾಗಿ, ಪೂರ್ತಿ ಹೊಯ್ದೆ.

"ಸಾಕು ಬಿಡೇ" ಅಂದ ಗಂಡ.

"ನಿಮ್ದೂ ಕೊಡಿ" ಅಂದು ಅವನ ಕಾಲಿಗೂ ಹೊಯ್ದೆ.

ಮರು ವರ್ಷವೂ ಅದೇ ಬುರುಡೆಯಲ್ಲಿ ಕಾಲು ತೊಳೆದೆ. ಅದರ ಮರು ವರ್ಷವೂ. ಮೂರು ವರ್ಷ ಸಹಿಸಿಕೊಂಡು, ನಾಲ್ಕನೆಯ ವರ್ಷ ಭಾವ ಯಜಮಾನಿಕೆ ಬಿಟ್ಟುಕೊಟ್ಟ. ಅದೇ ಪಿಕ್ಚರ್ ಟೆಂಟಿಗೆ ಮತ್ತೆ ಬಂದಾಗ ಅಜ್ಜಿ ನನ್ನನ್ನು ಎಳೆದುಕೊಂಡು ಹೋದಳು. ದಾಸರ ಹೆಂಡತಿ ತಂಬೂರಿ ಎಸೆಯುವ ಹೊತ್ತಿಗೆ ಹೆಂಗಸರ ಕಡೆಯಿಂದ ಯಾರೋ, "ಅವಳಲ್ಲಮ್ಮ, ಅವಳ ಭಾವನ್ನ ಕೇಳಿ" ಅಂದರು. ದೇವರು ಬರುವವರೆಗೂ ನಗು ನಿಲ್ಲಲಿಲ್ಲ. ದಾಸರ ಹೆಂಡತಿಯ ಪಾಲಿನ ಸೇಡೂ ಅಷ್ಟು ತೀರಿತು ಅಂದುಕೊಂಡೆ. ಪಿಕ್ಚರ್ ಮಾಡಿದವರ ಬಾಗಿಲು ಗೊತ್ತಿದ್ದರೆ ಅಲ್ಲಿಗೂ ಬುರುಡೆ ಹಿಡಿದು ಹೋಗುತ್ತಿದ್ದೆ.

ಭಾವ ನಡುಮನೆಯಲ್ಲಿ ಹಾಸಿಗೆ ಹಿಡಿದಾಗ ನಾನೇ ನೋಡಿಕೊಂಡೆ. ಗಂಜಿ ಕುಡಿಸಿದೆ, ಮೈ ಒರೆಸಿದೆ. ನೀರು ಕೇಳಿದಾಗ ಲೋಟದಲ್ಲೇ ಕೊಟ್ಟೆ. ಬುರುಡೆ ಮಾತ್ರ ಅವನ ಕಣ್ಣೆದುರಿನ ಗೂಟದಲ್ಲಿ ತೂಗುತ್ತಿತ್ತು, ತಂಬೂರಿ ಇದ್ದ ಗೂಟದಲ್ಲಿ.

"ಅದನ್ನ ತೆಗೀಲಾ?" ಅಂತ ಗಂಡ ಕೇಳಿದ.

ಬೇಡ ಅಂದೆ.