ಆಯುಧಪೂಜೆಗೆ ಕಟ್ಟಿದ ಕೆಂಪು ಪಟ್ಟಿ

ಅದು 2008ರ ಆಯುಧಪೂಜೆ. ಆ ಹಬ್ಬಕ್ಕೆ ಏನಡುಗೆ ಮಾಡಿದ್ದೆವೋ ಮರೆತಿದ್ದೇನೆ. ಆದರೆ ಹಬ್ಬದ ನಂತರದ ಹತ್ತು ದಿನಗಳನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಾವಾಗ ವಿಮಾನಪುರದಲ್ಲಿದ್ದೆವು. ನಾನು, ನನ್ನ ಗಂಡ, ಎರಡು ವರ್ಷದ ಮಗಳು ಮತ್ತು ಮಾವ. ಮಾವ ವಿಮಾನ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಮಾತು ಕಡಿಮೆ. ಕೆಲಸ ಬಿಟ್ಟರೂ ತಪಾಸಣೆ ಬಿಟ್ಟಿರಲಿಲ್ಲ. ಗ್ಯಾಸಿನ ರೆಗ್ಯುಲೇಟರ್, ಕುಕ್ಕರಿನ ವಾಷರ್, ಸ್ಕೂಟರಿನ ಚಕ್ರದ ಗಾಳಿ, ಎಲ್ಲವನ್ನೂ ದಿನಕ್ಕೊಮ್ಮೆ ಮುಟ್ಟಿ ನೋಡದಿದ್ದರೆ ಅವರಿಗೆ ತಿಂಡಿ ಇಳಿಯುತ್ತಿರಲಿಲ್ಲ.

ಮಗಳು ಹುಟ್ಟಿದ ಮೇಲೆ ನಾನು ಕೆಲಸ ಬಿಟ್ಟಿದ್ದೆ. ಕಟ್ಟಡ ಕಟ್ಟುವ ಮೊದಲೇ ಅದರೊಳಗೆ ನಡೆದಾಡಿದಂತೆ ಕಂಪ್ಯೂಟರಿನಲ್ಲಿ ತೋರಿಸುವುದು ನನ್ನ ಕೆಲಸವಾಗಿತ್ತು. ಇಂದಿರಾನಗರದ ಆರ್ಕಿಟೆಕ್ಟ್ ಒಬ್ಬರು ನನ್ನ ಹಳೆಯ ಕೆಲಸ ನೋಡಿದ್ದರು. ಒಂದು ಕಲ್ಯಾಣಮಂಟಪದ ನಕ್ಷೆ ಕೊಟ್ಟು, ಹಬ್ಬ ಕಳೆದ ಮೇಲೆ ಒಂದು ಸೋಮವಾರ ಹನ್ನೊಂದು ಗಂಟೆಗೆ ಕಟ್ಟಿಸುವವರು ಬರುತ್ತಾರೆ, ಅವರು ಕೇಳಿದ ಮೂಲೆಗೆಲ್ಲ ಕರೆದುಕೊಂಡು ಹೋಗಿ ತೋರಿಸಬೇಕು, ಚೆನ್ನಾಗಿ ಬಂದರೆ ಮುಂದಿನ ಕೆಲಸವನ್ನೆಲ್ಲ ಮನೆಯಿಂದಲೇ ಮಾಡಬಹುದು ಎಂದರು. ಮಗುವನ್ನು ಬಿಟ್ಟುಹೋಗದೆ ಮತ್ತೆ ದುಡಿಯುವ ಅವಕಾಶ ಅದೊಂದೇ ಇತ್ತು.

ಅದಕ್ಕೆಂದೇ ನನ್ನ ಗಂಡ ಗೆಳೆಯನೊಬ್ಬನಿಂದ ಗೇಮ್ ಆಡುವ ಲ್ಯಾಪ್‌ಟಾಪ್ ತಂದುಕೊಟ್ಟರು. ಮಾಮೂಲಿ ಲ್ಯಾಪ್‌ಟಾಪಿನಲ್ಲಿ ನನ್ನ ಕೆಲಸ ನಡೆಯುವುದಿಲ್ಲ, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ತಂದದ್ದು ಕಪ್ಪಗೆ, ದಪ್ಪಗೆ, ಇಡ್ಲಿ ಪಾತ್ರೆಯಷ್ಟು ಭಾರವಿತ್ತು. ಮಾವ ಅದರ ಸುತ್ತ ಒಂದು ಸುತ್ತು ಬಂದು, "ಇದು ಗಾಳಿ ಎಲ್ಲಿಂದ ತಗೊಳ್ಳುತ್ತಮ್ಮ?" ಎಂದು ಕೇಳಿದರು. ನಾನು ಎಲ್ಲಿಂದಲೋ ತಗೊಳ್ಳುತ್ತೆ ಮಾವ ಎಂದು ಹೇಳಿ ಒಗ್ಗರಣೆಗೆ ಓಡಿದೆ.

ಆಯುಧಪೂಜೆಯ ದಿನ ಮಾವ ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರಗಳ ಜೊತೆ ಲ್ಯಾಪ್‌ಟಾಪಿಗೂ ಕುಂಕುಮವಿಟ್ಟು, ಹೂವೇರಿಸಿ, ಅಕ್ಷತೆ ಹಾಕಿದರು. ಮರುದಿನ ಬೆಳಿಗ್ಗೆ ನಾನು ಹೂವು ತೆಗೆದು ಒರೆಸುವಾಗ ಅದರ ಅಡಿಯಿಂದ ಗೇಣುದ್ದದ ಕೆಂಪು ಬಟ್ಟೆಪಟ್ಟಿಯೊಂದು ನೇತಾಡುತ್ತಿತ್ತು. ಪೂಜೆಗೆ ಕಟ್ಟಿದ್ದಿರಬೇಕು, ಮಗಳು ಹಿಡಿದೆಳೆದು ಲ್ಯಾಪ್‌ಟಾಪನ್ನೇ ಬೀಳಿಸಿಯಾಳು ಎಂದು ಹಿಂಬದಿಯನ್ನು ಚೂರು ಎತ್ತಿ, ಕಟ್ಟಿದ್ದ ಕರಿದಾರವನ್ನು ಕತ್ತರಿಸಿದೆ. ಪೂಜೆಯ ವಸ್ತುವನ್ನು ಕಸಕ್ಕೆ ಹಾಕಬಾರದಲ್ಲ, ದೇವರ ಗೂಡಿನ ಪಕ್ಕದ ಮೊಳೆಗೆ ನೇತುಹಾಕಿದೆ.

ಅವತ್ತಿನಿಂದ ಶುರುವಾಯಿತು ನನ್ನ ಗ್ರಹಚಾರ. ಕಲ್ಯಾಣಮಂಟಪದ ಬಾಗಿಲು ದಾಟಿ ಊಟದ ಹಾಲಿಗೆ ಬರುವಷ್ಟರಲ್ಲಿ ಫ್ಯಾನು ಕಿರುಚಿಕೊಳ್ಳುವುದು, ಚಿತ್ರ ತಡವರಿಸುವುದು, ಆಮೇಲೆ ಟಪ್ಪೆಂದು ಎಲ್ಲ ಆರಿಹೋಗುವುದು. ಗಂಡನ ಸಹೋದ್ಯೋಗಿಯೊಬ್ಬರು ಬಂದು ಗ್ರಾಫಿಕ್ಸ್ ಕಾರ್ಡಿನ ಬಿಸಿ ಎಷ್ಟೆಂದು ಪರದೆಯ ಮೂಲೆಯಲ್ಲಿ ತೋರಿಸುವ ಸಾಫ್ಟ್‌ವೇರ್ ಹಾಕಿಕೊಟ್ಟರು. ಅದರಿಂದ ನನಗೆ ಇನ್ನೊಂದು ರೋಗ ಅಂಟಿತು. ಮಗುವಿನ ಜ್ವರ ನೋಡುವಂತೆ ಆ ಅಂಕಿಯನ್ನೇ ನೋಡುತ್ತ ಕೂರುವುದು. ಎಂಬತ್ತೆಂಟು, ತೊಂಬತ್ತೊಂದು, ತೊಂಬತ್ತಾರು, ಕತ್ತಲೆ.

ಸಲಹೆಗಳಿಗೇನೂ ಬರವಿರಲಿಲ್ಲ. ಗಂಡ ಎರಡು ಡಿಕ್ಷನರಿಗಳ ಮೇಲಿಟ್ಟು ನೋಡು ಎಂದರು, ಇಟ್ಟೆ. ಪಕ್ಕದ ಮನೆಯವರು ಒದ್ದೆ ಬಟ್ಟೆ ಹಾಸು ಎಂದರು, ಅದೊಂದನ್ನು ಮಾಡದಷ್ಟು ಬುದ್ಧಿ ನನಗಿತ್ತು. ದಾವಣಗೆರೆಯಿಂದ ಅಮ್ಮ ಫೋನಿನಲ್ಲಿ ದೃಷ್ಟಿಯಾಗಿದೆ ಎಂದರು. ಶಿವಾಜಿನಗರದ ರಿಪೇರಿಯವರು ಲ್ಯಾಪ್‌ಟಾಪನ್ನು ಒಮ್ಮೆ ತಿರುಗಿಸಿ, ಮತ್ತೆ ತಿರುಗಿಸಿ, "ಏನೂ ಇಲ್ಲ ಮೇಡಂ, ವಿಂಡೋಸ್ ಹೊಸದಾಗಿ ಹಾಕಿದ್ರೆ ಠಂಡಾ ಆಗ್ತದೆ" ಎಂದು ನನ್ನ ಕೆಲಸವನ್ನಷ್ಟೇ ಉಳಿಸಿ, ಮಿಕ್ಕದ್ದೆಲ್ಲ ಅಳಿಸಿ ಹೊಸದಾಗಿ ಹಾಕಿದರು. ಅವತ್ತು ತೊಂಬತ್ತೇಳಕ್ಕೆ ಹೋಯಿತು. ಹಲಸೂರಿನ ಅಂಗಡಿಯವರು ಅಡಿಯಲ್ಲಿಡುವ ಎರಡು ಫ್ಯಾನಿನ ಹಲಗೆ ಮಾರಿದರು. ಅದರ ಗಾಳಿಗೆ ಮೇಜಿನ ಮೇಲಿನ ನಕ್ಷೆಗಳು ಹಾರಾಡಿದವು, ಅಂಕಿ ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಎಲ್ಲರ ಮಾತೂ ಕೇಳಿ ಕೇಳಿ ತಲೆ ಚಿಟ್ಟು ಹಿಡಿಯಿತು.

ಮಾವ ಮಾತ್ರ ಏನೂ ಹೇಳಲಿಲ್ಲ. ದಿನಾ ದೇವರ ಗೂಡಿನ ಕಡೆ ಒಮ್ಮೆ ನೋಡುವುದು, ಪೇಪರ್ ಓದುವುದು. ಅವರ ಆ ನೆಮ್ಮದಿ ಕಂಡರೇ ನನಗೆ ರೇಗುತ್ತಿತ್ತು.

ಶನಿವಾರ ಮಧ್ಯಾಹ್ನ ಹದಿನಾಲ್ಕನೇ ಸಲ ಆರಿಹೋದಾಗ ನನ್ನ ತಾಳ್ಮೆ ತಪ್ಪಿತು. ಇನ್ನುಳಿದಿದ್ದು ಒಂದೇ ದಿನ. ಪಡಸಾಲೆಯಲ್ಲಿ ಕೂತಿದ್ದ ಮಾವನೆದುರು ಹೋಗಿ ನಿಂತು, "ನಿಮ್ಮ ಅಕ್ಷತೆ, ನಿಮ್ಮ ಕುಂಕುಮ, ಎಲ್ಲಾ ಅದರ ಹೊಟ್ಟೆಗೆ ಹೋಗಿದೆ ಮಾವ. ಪೂಜೆ ಮಾಡಿ ನನ್ನ ಕೆಲಸಾನೇ ಹಾಳು ಮಾಡಿದ್ರಿ" ಎಂದುಬಿಟ್ಟೆ. ಮದುವೆಯಾಗಿ ಆರು ವರ್ಷದಲ್ಲಿ ಅವರೆದುರು ದನಿ ಎತ್ತಿದ್ದು ಅದೇ ಮೊದಲು. ಮಗಳು ಹೆದರಿ ಅಳತೊಡಗಿದಳು.

ಮಾವ ಪೇಪರ್ ಮಡಿಸಿಟ್ಟರು. ಕನ್ನಡಕ ಹಾಕಿಕೊಂಡು ಬಂದು, ಲ್ಯಾಪ್‌ಟಾಪನ್ನು ಮಗುಚಿ ಹಾಕಿ, ಅಡಿಭಾಗದ ಮೇಲೆ ಹೆಬ್ಬೆರಳು ಆಡಿಸಿದರು. ಒಂದು ಕಡೆ ಬೆರಳು ನಿಂತಿತು. ಉಗುರು ಹಾಕಿ ಎಬ್ಬಿಸಿದರೆ ಅಂಗೈಯಗಲದ ಕಪ್ಪು ರೆಕ್ಸಿನ್ ತುಂಡೊಂದು ಎದ್ದು ಬಂತು. ಬಿಸಿಗೆ ಸೊಟ್ಟಗಾಗಿತ್ತು. ಅದರಡಿ ಗಾಳಿ ಎಳೆದುಕೊಳ್ಳುವ ಜಾಲರಿ ಇತ್ತು. ಒಂದು ಅಕ್ಷತೆ ಕಾಳೂ ಒಳಗೆ ಹೋಗಿರಲಿಲ್ಲ.

ಆಮೇಲೆ ಅವರೇ ನಿಧಾನವಾಗಿ ಬಿಡಿಸಿ ಹೇಳಿದರು. ಕಾರ್ಖಾನೆಯಲ್ಲಿ ವಿಮಾನ ನಿಂತಿರುವಾಗ ಧೂಳು, ಹಕ್ಕಿ ಹೋಗದಂತೆ ಅದರ ಗಾಳಿಯ ಬಾಯಿಗೆ ಮುಚ್ಚಳ ಹಾಕುತ್ತಾರೆ. ಹಾರುವ ಮೊದಲು ಮರೆಯದೆ ತೆಗೆಯಲೆಂದು ಕೆಂಪು ಪಟ್ಟಿ ನೇತುಬಿಟ್ಟಿರುತ್ತಾರೆ. ಪೂಜೆಯ ಅಕ್ಷತೆ ಒಳಗೆ ಬೀಳಬಾರದೆಂದು ನನ್ನ ಲ್ಯಾಪ್‌ಟಾಪಿಗೂ ಹಾಗೇ ಮಾಡಿದ್ದರು. ಕಂಪನಿಯವರೇ ಕೂರಿಸಿದ್ದಾರೆ ಎನ್ನುವಷ್ಟು ಅಚ್ಚುಕಟ್ಟಾಗಿ ಕತ್ತರಿಸಿ ಕೂರಿಸಿದ್ದರು. ನನಗೆ ಬಾಯಿಬಿಟ್ಟು ಹೇಳಿರಲಿಲ್ಲ, ಏಕೆಂದರೆ ಅವರ ಲೋಕದಲ್ಲಿ ಕೆಂಪು ಪಟ್ಟಿ ಕಂಡ ಮೇಲೆ ಹೇಳುವುದೇನೂ ಉಳಿಯುವುದಿಲ್ಲ. ಅದು ಮೊಳೆಯ ಮೇಲೆ ನೇತಾಡುತ್ತಿದೆ ಎಂದರೆ ಮುಚ್ಚಳವೂ ಕಳಚಿದೆ ಎಂದು ನಿಶ್ಚಿಂತೆಯಿಂದಿದ್ದರು.

ನಾನು ಬೈಗುಳಕ್ಕೆ ಕಾಯುತ್ತ ನಿಂತೆ. "ಹಾಕಿದವನೇ ತೆಗೆದು, ಮುಚ್ಚಳ, ಪಟ್ಟಿ ಎರಡೂ ಎಣಿಸಿ ಸೈನ್ ಮಾಡ್ಬೇಕು, ಅದು ನಮ್ಮಲ್ಲಿ ರೂಲು. ನಾನು ದೂರದಿಂದ ಪಟ್ಟಿ ನೋಡಿ ಸುಮ್ನಾದೆ. ತಪ್ಪು ನಂದಮ್ಮ" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಲ್ಯಾಪ್‌ಟಾಪ್ ಹಚ್ಚಿದೆ. ಊಟದ ಹಾಲು, ಅಡುಗೆಮನೆ, ಮಹಡಿಯ ವಧುವಿನ ಕೋಣೆ, ಎಲ್ಲ ಸುತ್ತಿ ಬಂದರೂ ಅಂಕಿ ಎಪ್ಪತ್ತೆರಡು ದಾಟಲಿಲ್ಲ.

ಸೋಮವಾರ ಇಂದಿರಾನಗರದ ಕಚೇರಿಯಲ್ಲಿ ಆರ್ಕಿಟೆಕ್ಟ್, ಕಟ್ಟಿಸುವವರು ಮೂವರು ಎದುರು ಕೂತಿದ್ದರು. ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದರೆ ಅಡಿಯಲ್ಲಿ ಮತ್ತೆ ಕೆಂಪು ಪಟ್ಟಿ! ದಾರಿಯ ಧೂಳಿಗೆಂದು ಮಾವ ಹೊಸ ಮುಚ್ಚಳ ಹಾಕಿ ಕಳಿಸಿದ್ದರು. ಈ ಸಲ ಬಿಳಿ ರೆಕ್ಸಿನ್. ಪಟ್ಟಿಗೆ ಎರಡೆರಡು ಸಾಲು ಹೊಲಿಗೆ, ಮೇಲೆ ಬಾಲ್‌ಪೆನ್ನಿನಲ್ಲಿ "ಹಚ್ಚುವ ಮುನ್ನ ತೆಗೆ" ಎಂದು ಬರೆದು ಕೆಳಗೆ ಸಹಿ. ಎಲ್ಲರೂ ನೋಡುತ್ತಿದ್ದರು. ಕೋಪ, ನಾಚಿಕೆ, ನಗು ಒಟ್ಟಿಗೇ ಬಂದವು. ನಮ್ಮ ಮಾವ ಹಾಕಿದ್ದು ಎಂದು ಹೇಳಿ ಎಳೆದು ತೆಗೆದೆ. ಮುಕ್ಕಾಲು ಗಂಟೆ ಅವರು ಕೇಳಿದಲ್ಲೆಲ್ಲ ಓಡಾಡಿಸಿದೆ, ಒಮ್ಮೆಯೂ ನಿಲ್ಲಲಿಲ್ಲ. ಕೆಲಸ ನನ್ನದಾಯಿತು.

ಮಾವನಿಗೆ ಏನು ಹೇಳಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಂಠಪಾಠ ಮಾಡಿಕೊಂಡು ಬಂದೆ. ಅವರು ಬಾಗಿಲಲ್ಲೇ ಕಾಯುತ್ತಿದ್ದರು. ಮುಚ್ಚಳ, ಪಟ್ಟಿ ಎರಡನ್ನೂ ಅವರ ಕೈಗಿಟ್ಟು, "ಎಣಿಸ್ಕೊಳ್ಳಿ ಮಾವ" ಎಂದೆ ಅಷ್ಟೇ.

ಅವರು ನಿಜವಾಗಿಯೂ ಎಣಿಸಿದರು. "ಎರಡು. ಸರಿಯಿದೆ" ಎಂದು ಮೊಳೆಗೆ ತೂಗುಹಾಕಿದರು.

ಈಗ ಆ ಲ್ಯಾಪ್‌ಟಾಪೂ ಇಲ್ಲ, ಮಾವನೂ ಇಲ್ಲ. ಪ್ರತಿ ಆಯುಧಪೂಜೆಗೆ ಈಗಿನ ಲ್ಯಾಪ್‌ಟಾಪಿಗೆ ಮುಚ್ಚಳ ನಾನೇ ಹಾಕುತ್ತೇನೆ, ಮರುದಿನ ನಾನೇ ತೆಗೆದು ಎಣಿಸಿ ಅದೇ ಮೊಳೆಗೆ ಹಾಕುತ್ತೇನೆ. ಆವತ್ತು ಕೂಗಾಡಿದ್ದು ನನ್ನ ತಪ್ಪು ಎಂದು ಮಾತ್ರ ಅವರಿಗೆ ಕೊನೆಯವರೆಗೂ ಹೇಳಲಾಗಲಿಲ್ಲ.