ಒಳಕ್ಕೆ ತೆರೆಯುವ ಬಾಗಿಲು

ನಮ್ಮ ಬಡಗಿಗೆ ಕೈಕಸುಬು ಎಷ್ಟು ಚೆನ್ನಾಗಿ ಬರುತ್ತದೋ ಜಂಬವೂ ಅಷ್ಟೇ. ಬಾಗಿಲೆಂದರೆ ಒಳಕ್ಕೇ ತೆರೆಯಬೇಕು, ಹೊರಕ್ಕೆ ತೆರೆದರೆ ಬಂದವರ ಮೂತಿಗೆ ಹೊಡೆದ ಹಾಗೆ ಎಂಬುದು ಅವನ ವೇದವಾಕ್ಯ. ಬಸ್ ನಿಲ್ದಾಣದಲ್ಲಿ ಗಾಲಿಕುರ್ಚಿಯವರಿಗೆಂದು ಶೌಚಾಲಯ ಕಟ್ಟಿದಾಗ ನಕ್ಷೆಯಲ್ಲಿ ಬಾಗಿಲು ಹೊರಕ್ಕಿತ್ತು. ಬಾಗಿಲ ಕೆಲಸ ಹಿಡಿದಿದ್ದ ಇವನು ಇಂಜಿನಿಯರ್ ತಲೆ ತಿಂದು ಅದನ್ನು ಒಳಕ್ಕೆ ಮಾಡಿಸಿದ. ಇಂಜಿನಿಯರಿಗೂ ಕೆಲಸ ಮುಗಿದರೆ ಸಾಕಾಗಿತ್ತು. ಬೆರಳಲ್ಲಿ ತಳ್ಳಿದರೆ ಸದ್ದಿಲ್ಲದೆ ತೆರೆದುಕೊಳ್ಳುವ ಬಾಗಿಲು. ಮನೆಗೆ ಬಂದವರ ಮುಂದೆಲ್ಲ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು.

ಅವನ ಅಕ್ಕ ಅದೇ ನಿಲ್ದಾಣದಲ್ಲಿ, ವಿಚಾರಣೆ ಕಿಟಕಿಯ ಹಿಂದೆ ಗಾಲಿಕುರ್ಚಿಯಲ್ಲಿ ಕೂತು ಬಸ್ಸುಗಳ ಹೊತ್ತು ಹೇಳುವವಳು. ಒಂದು ದಿನ ಇದ್ದಕ್ಕಿದ್ದಂತೆ ಕೆಲಸ ಬಿಡುತ್ತೇನೆಂದಳು. ಅರಮನೆಯಂಥ ಶೌಚಾಲಯ ಮಾಡಿಕೊಟ್ಟ ಮೇಲೂ ನಿನಗೇನು ಕೊರತೆ ಎಂದು ತಮ್ಮ ರೇಗಿದ.

ಮೇಲಧಿಕಾರಿಯ ಹತ್ತಿರ ಮಾತಾಡಿಯಾದರೂ ಅವಳನ್ನು ಉಳಿಸಿಕೊಳ್ಳೋಣವೆಂದು ಮರುದಿನ ನಿಲ್ದಾಣಕ್ಕೆ ಹೋದ. ಶೌಚಾಲಯದ ಮುಂದೆ ಕಸ ಗುಡಿಸುವಾಕೆ ಹಳೆ ಬೆಡ್‌ಶೀಟೊಂದನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ನಿಂತಿದ್ದಳು. ಕುರ್ಚಿ ಒಳಗೆ ಹೋದರೆ ಬಾಗಿಲು ಹಿಂದಿನ ಗಾಲಿಗೆ ತಾಗುತ್ತದೆ, ಮುಚ್ಚುವುದೇ ಇಲ್ಲವೆಂದು ಆಕೆ ಹೇಳಿದಳು. ಒಳಗಿದ್ದವಳು ಅವನ ಅಕ್ಕ. ಎದುರಿಗೆ ಬಸ್ಸಿಗೆ ಕಾಯುವವರ ಸಾಲು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅವನಿಗೆ. ನಕ್ಷೆ ಬರೆದವನಿಗೆ ಬುದ್ಧಿಯಿತ್ತು, ಕೆಡಿಸಿದವನು ತಾನೇ.

ಸಂಜೆ ಅವಳ ಮುಖ ನೋಡಲಾಗದೆ ನೆಲ ನೋಡುತ್ತಾ, ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದ.

"ಹೇಳೋಣ ಅಂತ ಬಂದಾಗೆಲ್ಲ ನೀನು ಯಾರ ಮುಂದೋ ಆ ಬಾಗಿಲನ್ನ ಹೊಗಳ್ತಾ ಇರ್ತಿದ್ದೆ ಕಣೋ" ಎಂದಳು ಅಕ್ಕ.

ಬೆಳಗಾಗುತ್ತಲೇ ಯಾರ ಅಪ್ಪಣೆಗೂ ಕಾಯದೆ ಚೌಕಟ್ಟನ್ನೇ ಕಿತ್ತು, ಬಾಗಿಲು ಹೊರಕ್ಕೆ ತೆರೆಯುವಂತೆ ತಿರುಗಿಸಿ ಕೂರಿಸಿದ. ಅಕ್ಕ ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಕೇಳಿ ಅವನ ಕಣ್ಣು ತುಂಬಿತು. ಹೊರಗೆ ಬಂದವಳನ್ನು, ಇನ್ನು ಕೆಲಸ ಬಿಡುವುದಿಲ್ಲ ತಾನೇ ಎಂದು ಕೇಳಿದ.

"ಬಿಡಲ್ಲ" ಎಂದಳು ಅಕ್ಕ. ಬಾಗಿಲನ್ನು ಮುಟ್ಟಿ ನೋಡುತ್ತಾ, "ನಾನು ನಿನ್ನಕ್ಕ, ಅದಕ್ಕೆ ಇದು ತಿರುಗ್ತು. ಆಸ್ಪತ್ರೆ ಶೌಚಾಲಯದ ಬಾಗಿಲನ್ನೂ ನೀನೇ ಒಳಕ್ಕೆ ಹಾಕಿದ್ದಲ್ವೇನೋ?"

ಹೌದು, ಅವನೇ ಹಾಕಿದ್ದ. ಶಾಲೆಯದೂ ಅವನದೇ. ಅದನ್ನು ಅವಳು ಕೇಳಲಿಲ್ಲ, ಅವನು ಹೇಳಲೂ ಇಲ್ಲ.