ಜೇಬಿನಲ್ಲೇ ಇದ್ದ ಚಾಕು

ಗೆಳೆಯರೇ, ಇಂದು ಅಫಜಲಪುರದ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿಗೆ ತಮ್ಮ ಚೀಲಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ಹಗ್ಗ ಬಿಚ್ಚಲಾಗಲಿಲ್ಲ.

"ತಮ್ಮಾ, ಚಾಕು ಅದ ಏನು?"

ಜೇಬಿನಲ್ಲೇ ಇತ್ತು. ಒಂದೇ ಬೆರಳಿಗೆ ಟಕ್ಕನೆ ತೆರೆಯುವ ಮಡಚು ಚಾಕು. ಭಾನುವಾರವಿಡೀ ಕೂತು ಮಸೆದಿದ್ದೆ. ಹಗ್ಗ ಕೊಯ್ದರೆ ಮೊಂಡಾದೀತು ಅನ್ನಿಸಿತು.

"ಇಲ್ಲ ಆಯಿ" ಎಂದೆ.

ಅವರು ಹಲ್ಲಿನಿಂದಲೇ ಗಂಟು ಬಿಚ್ಚಿ, ಹೊಲದ ಸೌತೆಕಾಯಿ ತೆಗೆದು ಮೊದಲು ನನಗೇ ಕೊಟ್ಟರು. "ಚಾಕು ಇಲ್ಲ ಅಂದಿ, ಹಂಗೇ ಕಡ್ಕೊಂಡು ತಿನ್ನು."

ತಿಂದೆ. ಇಳಿಯಲು ಎದ್ದಾಗ ಚಾಕು ಜೇಬಿನಿಂದ ಜಾರಿ ಅವರ ಕಾಲ ಬಳಿ ಬಿತ್ತು. ಎತ್ತಿ, ಸೆರಗಿನಿಂದ ಒರೆಸಿ ಕೊಟ್ಟರು. "ಜ್ವಾಕಿಲೆ ಇಟ್ಕೊ ತಮ್ಮಾ, ಛಲೋ ಅದ."

ನಿನ್ನೆ ಅದರ ಫೋಟೋ ಹಾಕಿ, 'ಹೊತ್ತಿಗೆ ಒದಗುವ ಗೆಳೆಯ' ಎಂದು ಬರೆದಿದ್ದೆ. ಲೈಕ್ ಒತ್ತಿದವರು ದಯವಿಟ್ಟು ವಾಪಸ್ ತೆಗೆದುಕೊಳ್ಳಿ.